ಔಷಧಿ ಅಂಗಡಿಯ ತನಕ

ನಮ್ಮ ಆಫೀಸಿಗೆ ತಂತಿಯಿಲ್ಲದ ಫೋನು ಬಂದದ್ದು ನನ್ನಿಂದಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಕಡೆ ಬೆರಳು ತೋರಿಸುವುದು ಬೇಡ.

ನಮ್ಮದು ಲಿಫ್ಟ್ ರಿಪೇರಿ ಕಂಪನಿ. ಊರಿನ ಇನ್ನೂರ ಹದಿನಾರು ಲಿಫ್ಟುಗಳು ನಮ್ಮ ಉಸ್ತುವಾರಿಯಲ್ಲಿವೆ. ಪ್ರತಿಯೊಂದರ ಒಳಗೂ ಒಂದು ಕೆಂಪು ಗುಂಡಿ ಇರುತ್ತದೆ. ನಡುದಾರಿಯಲ್ಲಿ ಸಿಕ್ಕಿಬಿದ್ದವರು ಅದನ್ನು ಒತ್ತಿದರೆ ಕರೆ ಬರುವುದು ನಮಗೆ. ನಮಗೆ ಎಂದರೆ ಸರದಿಯ ಮೇಲೆ ಕೂರುವ ನಾಲ್ವರಿಗೆ, ಅವರಲ್ಲಿ ಹಳಬಳು ನಾನು. ಹದಿನಾಲ್ಕು ವರ್ಷದಿಂದ, ಮುಖವನ್ನೇ ಕಂಡಿರದ ಜನರಿಗೆ ‘ಗಾಬರಿ ಬೇಡ, ನಾನಿದ್ದೇನೆ’ ಎಂದು ಹೇಳುವುದೇ ನನ್ನ ಹೊಟ್ಟೆಪಾಡು.

ನಮ್ಮಲ್ಲಿ ಎರಡು ಕಟ್ಟಳೆಗಳಿವೆ. ಒಂದು, ಒಳಗಿದ್ದವರು ಲೈನಿಗೆ ಬಂದ ಮೇಲೆ ಬಾಗಿಲು ತೆರೆಯುವ ತನಕ ನಾವು ಫೋನ್ ಇಡುವಂತಿಲ್ಲ. ಹವಾಮಾನ, ಮೊಮ್ಮಕ್ಕಳು, ಮಂಡಿನೋವು, ಏನಾದರೂ ಸರಿ, ಮಾತು ನಿಲ್ಲಬಾರದು. ಎರಡು, ಸರದಿ ಬದಲಾಗುವಾಗ ಫೋನನ್ನು ಮೇಜಿನ ಮೇಲಿಟ್ಟು ಹೋಗುವಂತಿಲ್ಲ. ಮುಂದಿನವರ ಕೈಗೇ ಕೊಡಬೇಕು, ಅವರು ‘ತಗೊಂಡೆ’ ಎನ್ನಬೇಕು. ಹಿಂದೊಮ್ಮೆ ಯಾರೋ ಮೇಜಿನ ಮೇಲಿಟ್ಟು ಹೋಗಿ, ಮುಂದಿನವರು ಬರುವುದು ತಡವಾಗಿ, ಅಜ್ಜ ಮೊಮ್ಮಗಳು ಇಬ್ಬರೂ ಒಂದೂವರೆ ಗಂಟೆ ಕತ್ತಲಲ್ಲಿ ನಿಂತಿದ್ದರಂತೆ. ಅಂದಿನಿಂದ ಇದು ನಮ್ಮ ರಕ್ತಕ್ಕೇ ಇಳಿದುಬಿಟ್ಟಿದೆ.

ಮೊದಲಿದ್ದದ್ದು ಮೇಜಿಗೆ ಕಟ್ಟಿಹಾಕಿದ ಫೋನು. ಅದರ ಸುರುಳಿ ತಂತಿ ಎಳೆದರೆ ಕಿಟಕಿಯ ತನಕ ಬರುತ್ತಿತ್ತು, ಬಚ್ಚಲಿನ ತನಕ ಬರುತ್ತಿರಲಿಲ್ಲ. ಮುಚ್ಚುಮರೆ ಯಾಕೆ, ನಲವತ್ತು ದಾಟಿದ ಹೆಂಗಸು ನಾನು, ಒಂದೊಂದು ಕರೆ ಮುಕ್ಕಾಲು ಗಂಟೆ ಎಳೆಯುತ್ತಿತ್ತು. ನಗುನಗುತ್ತಾ ಇನ್ನೊಬ್ಬರಿಗೆ ಧೈರ್ಯ ತುಂಬುತ್ತ ಕಾಲ ಮೇಲೆ ಕಾಲು ಹಾಕಿ ಹಲ್ಲು ಕಚ್ಚಿ ಕೂತ ಕಷ್ಟ ನನ್ನ ಶತ್ರುವಿಗೂ ಬೇಡ. ಮ್ಯಾನೇಜರಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಅವರ ಕಿವಿ ಕೆಂಪಾಗಿ, ಬೇಕಾದ ಫೋನು ನೀವೇ ಆರಿಸಿಕೊಳ್ಳಿ ಎಂದು ನನ್ನ ತಲೆಗೇ ಕಟ್ಟಿದರು.

ಫೋನು ಮಾರುವವನು ಬಂದು ಮೂರು ಬಗೆ ತೋರಿಸಿದ. ಮೊದಲನೆಯದು ತಲೆಗೆ ಸಿಕ್ಕಿಸಿಕೊಳ್ಳುವಂಥದ್ದು, ಅದಕ್ಕೂ ಬಾಲದಂತೆ ತಂತಿ. ಎರಡನೆಯದು ಬರೀ ಒಂದು ಆ್ಯಪ್. ನಮ್ಮ ನಮ್ಮ ಮೊಬೈಲಿನಲ್ಲೇ ಆಫೀಸಿನ ನಂಬರು ಬಂದು ಕೂರುತ್ತದೆ, ನೀವು ಲೋಕದ ಯಾವ ಮೂಲೆಯಲ್ಲಿದ್ದರೂ ಕರೆ ಬರುತ್ತದೆ ಎಂದು ಅವನು ಕಣ್ಣರಳಿಸಿ ಹೇಳಿದ. ನನಗೆ ಮೈ ಉರಿಯಿತು. ಲೋಕದ ಯಾವ ಮೂಲೆಯಲ್ಲಿದ್ದರೂ ಬಿಡದ ವಸ್ತುವನ್ನು ದುಡ್ಡು ಕೊಟ್ಟು ಕೊಳ್ಳಬೇಕೆ? ಮನೆಯಲ್ಲಿ ಊಟಕ್ಕೆ ಕೂತಾಗಲೂ ಲಿಫ್ಟು, ಹಾಸಿಗೆಯಲ್ಲೂ ಲಿಫ್ಟು. ಬೇಡವೇ ಬೇಡ ಎಂದೆ.

ಮೂರನೆಯದು ಗೋಡೆಯ ಇಂಟರ್‌ನೆಟ್ಟಿಗೆ ಸಿಕ್ಕಿಸುವ ಒಂದು ಪುಟ್ಟ ಪೆಟ್ಟಿಗೆ, ಅದರ ಜೊತೆ ತಂತಿಯಿಲ್ಲದ ಮೂರು ಫೋನುಗಳು. ಪೆಟ್ಟಿಗೆಯಿಂದ ಇಷ್ಟು ದೂರ ಕೆಲಸ ಮಾಡುತ್ತದೆ, ಅದರಾಚೆ ಇಲ್ಲ. ನನಗೆ ಹಿಡಿಸಿದ್ದೇ ಆ ‘ಅದರಾಚೆ ಇಲ್ಲ’. ಎಲ್ಲಿಯ ತನಕ ಎಂದು ನಾನೇ ನಡೆದು ನೋಡಿದೆ. ಫೋನು ಕಿವಿಗಿಟ್ಟುಕೊಂಡು ಬಚ್ಚಲು, ಮೆಟ್ಟಿಲು, ಅಂಗಳ, ರಸ್ತೆ. ಆ ಕಡೆ ಮಾರುವವನು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದ. ಮೂಲೆಯ ಔಷಧಿ ಅಂಗಡಿಯ ತನಕ ಅವನ ಎಣಿಕೆ ಸ್ಪಷ್ಟವಾಗಿ ಕೇಳಿಸಿತು. ಅಂಗಡಿಯ ತಗಡಿನ ಚಾವಣಿ ದಾಟಿದ ಕೂಡಲೇ ಕುಯ್ ಎಂದಿತು, ಎಣಿಕೆ ನಿಂತಿತು. ಅಲ್ಲಿ ನಿಂತು ನಾನು ನಕ್ಕದ್ದು ನೆನಪಿದೆ. ಇಷ್ಟು ಸಾಕು, ಇದಕ್ಕಿಂತ ದೂರ ಯಾರಿಗೆ ಬೇಕು ಎಂದು ಅದಕ್ಕೇ ಸಹಿ ಹಾಕಿದೆ.

ಫೋನು ಬಂತು, ಬಚ್ಚಲಿನ ಕಷ್ಟ ತೀರಿತು. ಮೂರು ತಿಂಗಳಿಗೆ ಮ್ಯಾನೇಜರಿಗೆ ಜ್ಞಾನೋದಯವಾಯಿತು. ಮೊದಲು ಒಂದು ಸರದಿಗೆ ಇಬ್ಬರಿದ್ದೆವು, ಒಬ್ಬರು ಎದ್ದರೆ ಇನ್ನೊಬ್ಬರು ಮೇಜು ಕಾಯಬೇಕಲ್ಲ. ಈಗ ಫೋನು ಜೊತೆಗೇ ನಡೆದಾಡುವಾಗ ಇಬ್ಬರು ಯಾಕೆ? ಒಬ್ಬರನ್ನು ಕಿತ್ತರು. ಅಂದಿನಿಂದ ಸರದಿಯಲ್ಲಿರುವವರು ಒಬ್ಬರೇ, ಸೊಂಟಕ್ಕೆ ಸಿಕ್ಕಿಸಿದ ಫೋನಿನ ಜೊತೆ. ಮೇಜಿನಿಂದ ಬಿಡಿಸಿಕೊಂಡು ಮೇಜನ್ನೇ ಹೊತ್ತು ತಿರುಗುವ ಹಾಗಾಯಿತು. ಕರೆ ಎತ್ತುವವರಿಲ್ಲದಿದ್ದರೆ ಮ್ಯಾನೇಜರ ಮೊಬೈಲಿಗೆ ಹೋಗುವ ಏರ್ಪಾಡೊಂದಿತ್ತು. ಊಟದ ಹೊತ್ತಿಗೆ ಕಾಟ ಎಂದು ಅದನ್ನೂ ತೆಗೆಸಿದರು.

ಇನ್ನು ಆ ದಿನದ ಮಾತು.

ಅಂದು ನನ್ನ ತಂಗಿಯ ಮದುವೆ. ಮದುವೆ ಎಂದರೆ ಚಪ್ಪರ ಗಿಪ್ಪರ ಏನಿಲ್ಲ, ನೋಂದಣಿ ಕಚೇರಿಯಲ್ಲಿ ಸಹಿ. ಅವಳಿಗೆ ಮೂವತ್ತೆಂಟು, ವರನಿಗೆ ಐವತ್ತೊಂದು. ಕನ್ನಡಕದ ಅಂಗಡಿ ಇಟ್ಟವನು, ಹೆಂಡತಿ ತೀರಿಕೊಂಡವನು, ಬೆಳೆದ ಎರಡು ಹೆಣ್ಣುಮಕ್ಕಳ ತಂದೆ. ನಮ್ಮ ಅಣ್ಣಂದಿರಿಬ್ಬರೂ ಕೆಂಡವಾದರು. ಮನೆಯಿಂದ ಒಂದು ಹುಳವೂ ಅತ್ತ ಹೋಗಕೂಡದು ಎಂದು ದೊಡ್ಡಣ್ಣ ಅಪ್ಪಣೆ ಕೊಡಿಸಿದ. ನಾನಿರುವುದು ಅದೇ ದೊಡ್ಡಣ್ಣನ ಮನೆಯ ಮಹಡಿ ಕೋಣೆಯಲ್ಲಿ. ತಂಗಿ ಒಂದು ದಿನ ಆಫೀಸಿನ ಮೆಟ್ಟಿಲ ಮೇಲೆ ಕಾದು ಕೂತು, ನೀನೊಬ್ಬಳಾದರೂ ಬಂದು ಸಾಕ್ಷಿ ಸಹಿ ಹಾಕು ಎಂದಳು. ಬರುತ್ತೇನೆ ಎಂದೆ. ಅವಳ ಕೈ ಹಿಡಿದು ಹೇಳಿದೆ.

ರಜೆ ಯಾಕೆ ಹಾಕಲಿಲ್ಲ ಎಂದು ನೀವು ಕೇಳಬಹುದು. ನಮ್ಮ ಮ್ಯಾನೇಜರೂ ದೊಡ್ಡಣ್ಣನೂ ಬೆಳಿಗ್ಗೆ ಒಟ್ಟಿಗೆ ವಾಕಿಂಗ್ ಹೋಗುವವರು. ನಾನು ರಜೆ ಬರೆದರೆ ಆ ಸುದ್ದಿ ನನಗಿಂತ ಮೊದಲು ಮನೆ ಸೇರುತ್ತಿತ್ತು. ಅಲ್ಲದೆ ರಜೆ ಬೇಕೂ ಇರಲಿಲ್ಲ. ನನ್ನ ಸರದಿ ಮುಗಿಯುವುದು ಹನ್ನೆರಡಕ್ಕೆ, ಸಹಿಯ ಸಮಯ ಹನ್ನೆರಡೂವರೆ. ನೋಂದಣಿ ಕಚೇರಿ ಇರುವುದು ನಮ್ಮದೇ ರಸ್ತೆಯಲ್ಲಿ, ಔಷಧಿ ಅಂಗಡಿ ದಾಟಿ ನಲವತ್ತು ಹೆಜ್ಜೆ. ಒಂದು ಗಂಟೆಗೆ ಅಲ್ಲಿನ ಗುಮಾಸ್ತರು ಪುಸ್ತಕ ಮುಚ್ಚಿ ಊಟಕ್ಕೆ ಏಳುತ್ತಾರೆ, ಆಮೇಲೆ ಮತ್ತೊಂದು ತಾರೀಖು ಸಿಗುವುದು ತಿಂಗಳ ಮೇಲೆ. ಎಲ್ಲ ಲೆಕ್ಕ ಹಾಕಿಯೇ ಇಟ್ಟಿದ್ದೆ.

ಹನ್ನೊಂದು ನಲವತ್ತಕ್ಕೆ ಕರೆ ಬಂತು. ಒಬ್ಬ ಹೆಂಗಸು, ಅರವತ್ತು ದಾಟಿದ ದನಿ. ಬಟ್ಟೆ ಹೊಲಿಯುವವರಂತೆ. ಐದನೆಯ ಮಹಡಿಯ ಗಿರಾಕಿಗೆ ಉದ್ದ ಕಮ್ಮಿ ಮಾಡಿದ ಪ್ಯಾಂಟು ಕೊಡಲು ಹೊರಟವರು, ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತುಬಿಟ್ಟಿದ್ದರು. ಒಳಗೆ ಒಬ್ಬರೇ. ಆ ಉಕ್ಕಿನ ಡಬ್ಬಿಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ, ಹೊರಲೋಕದಲ್ಲಿ ಅವರಿಗಿದ್ದವಳು ನಾನೊಬ್ಬಳೇ. ನಮ್ಮ ಮೆಕ್ಯಾನಿಕ್ಕಿಗೆ ತಿಳಿಸಿದೆ. ಇಪ್ಪತ್ತು ನಿಮಿಷದಲ್ಲಿ ಅಲ್ಲಿರ್ತೀನಿ ಎಂದ.

ಹನ್ನೆರಡಾಯಿತು. ನನ್ನ ಕೈಯಿಂದ ಫೋನು ತೆಗೆದುಕೊಳ್ಳಬೇಕಾದವನಿಗೆ ನಾವು ಇಟ್ಟ ಹೆಸರು ಗಡಿಯಾರ. ಒಂದು ದಿನವೂ ಹೊತ್ತಿಗೆ ಸರಿಯಾಗಿ ಬರದ ಪುಣ್ಯಾತ್ಮ. ಅಂದು ಮಾತ್ರ ತಪ್ಪಿಸಬೇಡ ಎಂದು ವಾರದಿಂದ ಅವನ ತಲೆ ತಿಂದಿದ್ದೆ. ಹನ್ನೆರಡೂ ಐದಕ್ಕೆ ನನ್ನ ಮೊಬೈಲಿಗೆ ಸಂದೇಶ ಬಂತು, ಸ್ಕೂಟರು ಪಂಕ್ಚರ್, ಇನ್ನೈದು ನಿಮಿಷ. ಅವನ ಐದು ನಿಮಿಷ ಎಂಥದು ಎಂದು ಇಡೀ ಕಂಪನಿಗೆ ಗೊತ್ತು.

ಬಲಗಿವಿಯಲ್ಲಿ ಟೈಲರಮ್ಮ ಮಾತಾಡುತ್ತಿದ್ದರು. ಒಳ್ಳೆಯ ಮಾತುಗಾತಿ. ಗಿರಾಕಿಗಳ ಹೊಟ್ಟೆ ವರ್ಷವರ್ಷಕ್ಕೆ ಎಷ್ಟು ಬೆಳೆಯುತ್ತದೆ, ಅಳತೆ ತೆಗೆಯುವಾಗ ಹೇಗೆ ಉಸಿರು ಬಿಗಿಹಿಡಿದು ತಮಗೆ ತಾವೇ ಮೋಸ ಮಾಡಿಕೊಳ್ಳುತ್ತಾರೆ ಎಂದೆಲ್ಲ ಹೇಳಿ ನಗಿಸುತ್ತಿದ್ದರು. ಎಡಗಿವಿಯಲ್ಲಿ, ನನ್ನ ಮೊಬೈಲಿನಲ್ಲಿ, ಮೆಕ್ಯಾನಿಕ್. ಕಟ್ಟಡಕ್ಕೇನೋ ತಲುಪಿದ್ದ, ಆದರೆ ಮೇಲಿನ ಯಂತ್ರದ ಕೋಣೆಗೆ ಬೀಗ. ಬೀಗದ ಕೈ ಕಾವಲುಗಾರನ ಜೇಬಿನಲ್ಲಿ, ಕಾವಲುಗಾರ ಬ್ಯಾಂಕಿಗೆ ಹೋಗಿದ್ದಾನೆ. ಆಮೇಲೆ ತಂಗಿಯ ಕರೆ. ಎಲ್ಲಿದ್ದೀಯ ಎಂದಳು. ಬಂದೆ ಎಂದೆ. ಕುರ್ಚಿಯಿಂದ ಎದ್ದೂ ಇರಲಿಲ್ಲ.

ಹನ್ನೆರಡೂವರೆಗೆ ತಡೆಯಲಾಗಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು, ಫೋನು ಕಿವಿಗೆ ಒತ್ತಿಕೊಂಡು ಮೆಟ್ಟಿಲಿಳಿದೆ. ರಸ್ತೆಗಿಳಿದು ನಡೆದೆ. ಬಾಯಿ ‘ಹೌದೇ, ಆಮೇಲೆ?’ ಎನ್ನುತ್ತಲೇ ಇತ್ತು. ಔಷಧಿ ಅಂಗಡಿಯ ತಗಡಿನ ಚಾವಣಿ ಬಂತು. ನನ್ನ ಕಾಲು ಅಲ್ಲೇ ನಿಂತಿತು.

ಅಲ್ಲಿಂದ ನೋಂದಣಿ ಕಚೇರಿಯ ಮೆಟ್ಟಿಲು ಎದುರಿಗೇ ಕಾಣುತ್ತದೆ. ತಂಗಿ ನೀಲಿ ಬಟ್ಟೆಯಲ್ಲಿ ಫೈಲನ್ನು ಎದೆಗವಚಿಕೊಂಡು ನಿಂತಿದ್ದಳು, ಅವಳ ಹಿಂದೆ ವರನ ಇಬ್ಬರು ಹೆಣ್ಣುಮಕ್ಕಳು. ನನ್ನನ್ನು ನೋಡಿ ಅವಳ ಮುಖ ಅರಳಿತು, ಕೈ ಬೀಸಿದಳು. ನಾನೂ ಬೀಸಿದೆ. ಮುಂದೆ ಬರದೆ ಗೂಟ ಹೊಡೆದ ಹಾಗೆ ನಿಂತದ್ದು ನೋಡಿ ಅವಳೇ ಇಳಿದು ಬಂದಳು. ನಾನು ಫೋನಿನ ಬಾಯಿಗೆ ಅಂಗೈ ಮುಚ್ಚಿ, ಒಳಗೊಬ್ಬರು ಸಿಕ್ಕಿಬಿದ್ದಿದ್ದಾರೆ, ಇದರಾಚೆ ಬಂದರೆ ಲೈನು ಕಟ್ಟಾಗುತ್ತೆ, ಮೆಕ್ಯಾನಿಕ್ ಈಗ ಬಾಗಿಲು ತೆಗೆಯುತ್ತಾನೆ, ಹತ್ತೇ ನಿಮಿಷ ಎಂದೆಲ್ಲ ಒಂದೇ ಉಸಿರಿಗೆ ಪಿಸುಗುಟ್ಟಿದೆ. ಗುಮಾಸ್ತರು ಆಗಲೇ ಎರಡು ಸಲ ಗೋಡೆ ಗಡಿಯಾರ ನೋಡಿದರಂತೆ. ಮೂರನೆಯ ಸಾಕ್ಷಿಗೆ ಯಾರಾದರೂ ನಡೆಯುತ್ತದೆ, ಬೀದಿಯಲ್ಲಿ ಹೋಗುವವರನ್ನೇ ಕರೆದುಕೊಂಡು ಬನ್ನಿ ಎಂದರಂತೆ. ತಂಗಿ ಅಳಲಿಲ್ಲ, ಸಿಡುಕಲೂ ಇಲ್ಲ.

“ಅಣ್ಣಂದಿರು ಬರಲ್ಲ ಅಂತ ಮೊದಲೇ ಹೇಳಿದ್ರು ಅಕ್ಕ,” ಎಂದಳು. “ನೀನು ಬರ್ತೀನಿ ಅಂದಿದ್ದೆ.”

ಅಷ್ಟು ಹೇಳಿ ತಿರುಗಿ ಹೋದಳು. ನನಗೆ ನೆಲ ಬಿರಿಯಬಾರದೆ ಅನ್ನಿಸಿತು.

ತಗಡಿನ ಕೆಳಗೆ ಆಚೆ ಈಚೆ ಮೂರು ಹೆಜ್ಜೆಯ ಜಾಗ. ಅಲ್ಲೇ ಸುತ್ತುತ್ತಿದ್ದೆ. ಒಂದು ಹೆಜ್ಜೆ ಮುಂದಿಟ್ಟರೆ ಕಿವಿಯಲ್ಲಿ ಗರಗರ, ಹಿಂದಿಟ್ಟರೆ ಟೈಲರಮ್ಮ. ಗೋಡೆಯಿಲ್ಲ, ಬಾಗಿಲಿಲ್ಲ, ಜನ ನನ್ನ ಪಕ್ಕದಿಂದ ಸಲೀಸಾಗಿ ದಾಟಿ ಹೋಗುತ್ತಿದ್ದರು. ಅವರ ಮೇಲೆಲ್ಲ ಹೊಟ್ಟೆ ಉರಿಯಿತು. ಗಡಿಯಾರನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಮ್ಯಾನೇಜರು ಊಟದಲ್ಲಿದ್ದರು. ನನಗೆ ಟೈಲರಮ್ಮನ ಮೇಲೂ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಈ ಮುದುಕಿಗೆ ಇವತ್ತೇ ಪ್ಯಾಂಟು ಕೊಡಬೇಕಿತ್ತೆ, ಐದು ಮಹಡಿ ಮೆಟ್ಟಿಲು ಹತ್ತಲಾಗದೆ ಎಂದು ಒಳಗೊಳಗೇ ಬೈದೆ.

ಆಗ ಅವರು ಕೇಳಿದರು, ನಿಮ್ಮ ಹಿಂದೆ ಗಾಡಿಗಳ ಸದ್ದು ಕೇಳ್ತಿದೆ, ನೀವು ರಸ್ತೆಯಲ್ಲಿದ್ದೀರಾ ಎಂದು. ನನ್ನ ಬಾಯಿಂದ ಎಲ್ಲ ಬಂದುಬಿಟ್ಟಿತು. ತಂಗಿ, ಸಹಿ, ಒಂದು ಗಂಟೆ, ನಲವತ್ತು ಹೆಜ್ಜೆ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನನ್ನ ಕಷ್ಟವನ್ನು ಒಳಗಿದ್ದವರ ಮೇಲೆ ಹೇರಿದವಳಲ್ಲ. ಅಂದು ಹೇರಿದೆ. ಯಾಕೆ ಹೇರಿದೆ ಎಂದು ನನಗೆ ಗೊತ್ತು, ಅವರ ಬಾಯಿಂದ ಏನು ಬರಲಿ ಎಂದು ಕಾದೆ ಎನ್ನುವುದೂ ಗೊತ್ತು.

“ಅಯ್ಯೋ, ಹೋಗಿ ಸಹಿ ಹಾಕಿ ಬನ್ನಿ ತಾಯಿ,” ಎಂದರು ಅವರು. “ನಾನೇನು ಎಲ್ಲಿಗೂ ಹೋಗಲ್ಲ.” ಹೇಳಿ ಜೋರಾಗಿ ನಕ್ಕರು.

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಮೊದಲ ದಿನವೇ ಕಲಿಸುವ ಪಾಠವೊಂದಿದೆ. ಒಳಗಿದ್ದವರು ಅತ್ತರೆ ಅಷ್ಟು ಹೆದರಬೇಡಿ, ಬೈದರೆ ಇನ್ನೂ ಒಳ್ಳೆಯದು, ತಮಾಷೆ ಮಾಡಿದರೆ ಮಾತ್ರ ಒಂದು ಕ್ಷಣವೂ ಬಿಡಬೇಡಿ. ಪೂರ್ತಿ ಹೆದರಿದವರೇ ತಮಾಷೆ ಮಾಡುವುದು. ಆ ಪಾಠ ನನಗೆ ಆಗ ನೆನಪಿತ್ತು. ನೆನಪಿದ್ದೂ ನಾನು ಆ ನಗುವನ್ನು ಬರೀ ನಗು ಎಂದೇ ಕೇಳಿಸಿಕೊಂಡೆ.

“ಐದೇ ನಿಮಿಷ ಅಮ್ಮ. ಬಂದ ಕೂಡಲೇ ನಾನೇ ಮಾಡ್ತೀನಿ,” ಎಂದೆ.

ಐದು ನಿಮಿಷ ಎಂದಾಗ ಗಡಿಯಾರನ ನೆನಪಾಗಿ ನಾಲಿಗೆ ಕಚ್ಚಿಕೊಳ್ಳಬೇಕಿತ್ತು. ಕಚ್ಚಿಕೊಳ್ಳಲಿಲ್ಲ, ಓಡಿದೆ. ನಾಲ್ಕನೆಯ ಹೆಜ್ಜೆಗೆ ಫೋನು ಕುಯ್ ಎಂದು ಬಾಯಿ ಮುಚ್ಚಿತು. ಆ ಸದ್ದು ಕೇಳಿ ನನಗೆ ಹಾಯೆನಿಸಿತು. ಎಷ್ಟೋ ವರ್ಷಗಳ ಮೇಲೆ ಕಿವಿಯಲ್ಲಿ ಯಾರೂ ಇರಲಿಲ್ಲ.

ಕಚೇರಿಯೊಳಗೆ ಗುಮಾಸ್ತರು ಪೆನ್ನಿನ ಮುಚ್ಚಳ ಹಾಕಿಯಾಗಿತ್ತು, ನನ್ನನ್ನು ನೋಡಿ ಮೂಗು ಮುರಿಯುತ್ತ ಮತ್ತೆ ತೆಗೆದರು. ತಂಗಿ ನನ್ನ ತೋಳು ಹಿಡಿದವಳು ಬಿಡಲೇ ಇಲ್ಲ. ಅವಳ ಕೈ ಎಳೆ ಮಗುವಿನ ಕೈಯ ಹಾಗೆ ಬೆವೆತಿತ್ತು. ಭಾವ, ಇನ್ನು ಹಾಗೆ ಕರೆಯಬೇಕಲ್ಲ, ನನಗೆ ಕುರ್ಚಿ ಎಳೆದುಕೊಟ್ಟರು. ನಾನು ಅವರ ಇಬ್ಬರು ಹೆಣ್ಣುಮಕ್ಕಳ ಸಹಿಯ ಕೆಳಗೆ ನನ್ನ ಸಹಿ ಹಾಕಿದೆ. ‘ವಧುವಿಗೆ ಏನಾಗಬೇಕು’ ಎಂಬ ಜಾಗದಲ್ಲಿ ಅಕ್ಕ ಎಂದು ದೊಡ್ಡದಾಗಿ ಬರೆದೆ. ಆಮೇಲೆ ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು ನಿಂತೆವು, ಹಿರಿಯ ಹುಡುಗಿ ಕೈ ಚಾಚಿ ಮೊಬೈಲಿನಲ್ಲಿ ಫೋಟೊ ತೆಗೆದಳು. ಚಿಕ್ಕವಳು ಏನೋ ಹಾಸ್ಯ ಮಾಡಿದಳು. ನಾವೆಲ್ಲ ನಕ್ಕೆವು.

ಹೊರಬಂದಾಗ ಒಂದೂ ಆರು. ಇನ್ನೊಂದು ಫೋಟೊ ಎಂದು ತಂಗಿ ಕರೆಯುತ್ತಿದ್ದಳು, ಬಂದೆ ಎಂದು ಕೂಗಿ ಹೇಳಿ ಔಷಧಿ ಅಂಗಡಿಯತ್ತ ಓಡಿದೆ. ತಗಡಿನ ಕೆಳಗೆ ಬಂದ ಕೂಡಲೇ ಕೈಯಲ್ಲಿದ್ದ ಫೋನಿಗೆ ಜೀವ ಬಂತು. ಸಣ್ಣ ಪರದೆಯ ಮೇಲೆ ಸಾಲಾಗಿ ಬಿದ್ದವು, ಎತ್ತದ ಕರೆಗಳು. ಎಲ್ಲವೂ ಒಂದೇ ಲಿಫ್ಟಿನಿಂದ. ಎಣಿಸಿದೆ, ಹನ್ನೊಂದು. ಆಫೀಸಿನ ಖಾಲಿ ಕೋಣೆಯಲ್ಲಿ ಉಳಿದೆರಡು ಫೋನುಗಳು ಹನ್ನೊಂದು ಸಲ ಬಡಿದುಕೊಂಡಿರಬೇಕು. ಮೊದಲನೆಯ ಕರೆ ಹನ್ನೆರಡೂ ಐವತ್ತೆರಡಕ್ಕೆ ಬಂದಿತ್ತು. ನಾನು ಓಡಿ ಒಂದು ನಿಮಿಷವೂ ಆಗಿರಲಿಲ್ಲ.

ಲಿಫ್ಟಿಗೆ ಕರೆ ಹಚ್ಚಿದೆ. ಎತ್ತಿದ್ದು ಮೆಕ್ಯಾನಿಕ್. ಐದಾರು ನಿಮಿಷದ ಹಿಂದೆ ಬಾಗಿಲು ತೆಗೆದನಂತೆ. ಟೈಲರಮ್ಮ ಮೂಲೆಯಲ್ಲಿ ನೆಲಕ್ಕೆ ಕೂತಿದ್ದರಂತೆ, ಒಂದು ಕೈ ಮೇಲೆತ್ತಿ ಗುಂಡಿ ಒತ್ತಿಕೊಂಡೇ. ಇವನು ಆ ಬೆರಳನ್ನು ಮೆಲ್ಲಗೆ ಬಿಡಿಸಬೇಕಾಯಿತಂತೆ. ನೀರು ಕುಡಿಸಿ, ಕೈ ಹಿಡಿದು ಮೆಟ್ಟಿಲಿಳಿಸಿ ರಿಕ್ಷಾ ಹತ್ತಿಸಿ ಈಗಷ್ಟೇ ಮೇಲೆ ಬಂದೆ, ಪ್ಯಾಂಟಿನ ಚೀಲ ಇಲ್ಲೇ ಮರೆತು ಹೋಗಿದ್ದಾರೆ ಎಂದ. ಏನಾದರೂ ಹೇಳಿದರಾ ಎಂದು ಕೇಳಿದೆ.

“ಬೈಲಿಲ್ಲ ಮೇಡಂ. ಮದುವೆ ಆಯ್ತಂತಾ ಅಂತ ಕೇಳಿದ್ರು,” ಎಂದ. “ಯಾರ ಮದುವೆ ಅಂತ ನಂಗೇನು ಗೊತ್ತು. ಸುಮ್ನೆ ಆಯ್ತು ಅಂದ್ಬಿಟ್ಟೆ.”

ನಾನು ತಗಡಿನ ಕಂಬಕ್ಕೆ ಒರಗಿ ನಿಂತೆ. ನಾನು ಆಗಿನಿಂದ ಅಲ್ಲಿ ಒದ್ದಾಡಿದ್ದನ್ನೆಲ್ಲ ನೋಡಿದ್ದ ಔಷಧಿ ಅಂಗಡಿಯವರು ಒಂದು ಲೋಟ ನೀರು ತಂದುಕೊಟ್ಟರು. ಏನಾಯಿತೆಂದು ಕೇಳಿದರು, ಹೇಳಿದೆ.

“ನನ್ನ ಕೈಗೆ ಕೊಟ್ಟು ಹೋಗಬಹುದಿತ್ತಲ್ಲ ಮೇಡಂ. ನಾನು ಮಾತಾಡ್ತಾ ಇರ್ತಿದ್ದೆ,” ಎಂದರು.

ನಾನು ಅವರ ಮುಖವನ್ನೇ ನೋಡಿದೆ. ಇಪ್ಪತ್ತು ನಿಮಿಷ ಈ ಮನುಷ್ಯನಿಂದ ಮೂರು ಹೆಜ್ಜೆ ದೂರದಲ್ಲಿ ಸುತ್ತಿದ್ದೆ. ತಂಗಿ ಬಂದಾಗ ಅವಳ ಹಿಂದೆ ಆ ಎರಡು ಹುಡುಗಿಯರಿದ್ದರು, ಬೀದಿ ತುಂಬ ಕಿವಿ ಬಾಯಿ ಇದ್ದ ಜನರಿದ್ದರು. ಇನ್ನೊಬ್ಬರ ಕೈಗೆ ಫೋನು ಕೊಡಬಹುದು ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಮ್ಮ ನಾಲ್ವರಿಗೆ ಬಿಟ್ಟು ಈ ಲೋಕದಲ್ಲಿ ಯಾರಿಗೂ ಕೈಗಳೇ ಇಲ್ಲ ಎಂಬಂತೆ ನಾನು ಬದುಕಿದ್ದೆ.

ಗಡಿಯಾರ ಬಂದದ್ದು ಒಂದೂ ಇಪ್ಪತ್ತಕ್ಕೆ. ನಾನು ಅವನನ್ನು ಬೈಯಲಿಲ್ಲ, ಅದಕ್ಕೇ ಅವನು ಗಾಬರಿಯಾದ.

ರಾತ್ರಿ ಊಟಕ್ಕೆ ಮುಂಚೆ ತಂಗಿ ಫೋಟೊ ಕಳಿಸಿದಳು. ಅತ್ತಿಗೆಗೆ ಕಾಣದ ಹಾಗೆ ಮಹಡಿ ಕೋಣೆಯ ಬಾಗಿಲು ಹಾಕಿಕೊಂಡು ನೋಡಿದೆ. ತಂಗಿ ನನ್ನ ತೋಳು ಹಿಡಿದಿದ್ದಾಳೆ, ಇಷ್ಟು ಚೆಂದದ ಮುಖ ಅವಳಿಗಿದೆ ಎಂದು ನನಗೇ ಗೊತ್ತಿರಲಿಲ್ಲ. ಫೋಟೊದ ಕೆಳಗೆ ಅದನ್ನು ತೆಗೆದ ಸಮಯ ಇತ್ತು, ಹನ್ನೆರಡೂ ಐವತ್ತೆಂಟು. ಏಳನೆಯ ಕರೆ ಬಂದದ್ದು ಅದೇ ನಿಮಿಷಕ್ಕೆ. ಫೋಟೊದಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿರುವವಳು ನಾನು.